ಕೊಬ್ಬರಿ ಮತ್ತು ದೊಡ್ಡಪ್ಪನ ಮೀಸೆ

ನಿವೃತ್ತಿಯಾದ ಮೇಲೆ ನನಗೊಂದು ಚಟ ಅಂಟಿಕೊಂಡಿದೆ. ಬೆಳಗಿನ ಕಾಫಿಯ ಜೊತೆ ಇಂಗ್ಲಿಷ್ ಪೇಪರಿನ ಪದಬಂಧ ತುಂಬುವುದು. ಮೊನ್ನೆ ಅದರಲ್ಲಿ "ಒಣಗಿದ ತೆಂಗಿನಕಾಯಿ, ಐದಕ್ಷರ" ಎಂಬ ಸುಳಿವಿತ್ತು. ಇದನ್ನು ನನ್ನಂಥವಳನ್ನು ಕೇಳುವುದೇ ಎಂದುಕೊಂಡು, ಪೆನ್ಸಿಲ್ಲೂ ಅಲ್ಲ, ಪೆನ್ನಿನಲ್ಲೇ ಕೆ-ಓ-ಬಿ-ಆರ್-ಐ ಎಂದು ದಪ್ಪಗೆ ಬರೆದುಬಿಟ್ಟೆ. ಐದಕ್ಕೆ ಐದು ಮನೆ ಸರಿಹೋಯಿತು. ಆಮೇಲೆ ಅರ್ಧ ಗಂಟೆ ತಿಣುಕಿದರೂ ಮೇಲಿಂದ ಕೆಳಗಿನ ಒಂದು ಪದವೂ ಕೂಡಲಿಲ್ಲ. ನನ್ನ ಯಜಮಾನರು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಅಷ್ಟು ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು ಕಣೇ ನೀನು. ಕೊಬ್ರಿ ಅಂತ ಬರ್ಕೊಂಡು ಕೂತಿದೀಯಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅದನ್ನು ಹೊಡೆದುಹಾಕಿ ಕಾಪ್ರಾ ಎಂದು ತಿದ್ದಿದೆ. ತಿದ್ದುವಾಗ ದೊಡ್ಡಪ್ಪ ನೆನಪಾದ. ಕಾಫಿ ಆರಿಹೋಯಿತು.

ನನಗೂ ಈ ಪದಕ್ಕೂ ಮೊದಲಿನಿಂದ ಆಗಿಬರುವುದಿಲ್ಲ. ತಿಪಟೂರಿನ ಕಾಲೇಜಿಗೆ ಸೇರಿದ ವಾರವೇ ಅದು ನನ್ನ ಮಾನ ತೆಗೆದಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಇಂಗ್ಲಿಷ್ ಲೆಕ್ಚರರು ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ನನ್ನ ಸರದಿ ಬಂದಾಗ, ಮನೆಯಿಂದ ಕಾಲೇಜಿನವರೆಗೂ ಬಸ್ಸಿನಲ್ಲಿ ಉರು ಹೊಡೆದುಕೊಂಡು ಬಂದಿದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದೆ. ಕೊಬ್ಬರಿಗೆ ಇಂಗ್ಲಿಷಿನಲ್ಲಿ ಏನೋ ಇದೆ, ಅದು ಕೊಬ್ಬರಿಯ ಹಾಗೇ ಕೇಳಿಸುತ್ತದೆ ಎಂಬಷ್ಟು ಮಾತ್ರ ಗೊತ್ತಿತ್ತು. ಬಾಯಿಂದ ಬಿದ್ದದ್ದು 'ಕೋಬ್ರಾ'. ನಮ್ಮಪ್ಪ, ದೊಡ್ಡಪ್ಪ ಇಬ್ಬರೂ ನಾಗರಹಾವುಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಸಂತೆಗೆ ಹಾಕುತ್ತಾರೆ ಎಂದು ಇಡೀ ತರಗತಿಗೆ ತಿಳಿಸಿ ಕೂತೆ. ಆ ವರ್ಷವೆಲ್ಲ ಹುಡುಗರು ನನ್ನನ್ನು ಕಂಡರೆ ಪುಂಗಿ ಊದುವಂತೆ ಕೈ ಆಡಿಸುತ್ತಿದ್ದರು.

ನಮ್ಮೂರು ನೊಣವಿನಕೆರೆಯಿಂದ ಒಳಗೆ, ತೋಟಗಳ ನಡುವೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ಅಣ್ಣ ಬಸಣ್ಣ ದೊಡ್ಡಪ್ಪ, ದೊಡ್ಡವ್ವ, ಮಕ್ಕಳಲ್ಲಿ ನಾನೇ ದೊಡ್ಡವಳು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಹುಡುಗಿಗೆ ಹತ್ತನೇ ಕ್ಲಾಸಾಯಿತು, ಇನ್ನು ಸಾಕು ಎಂದು ಅಪ್ಪ ಹೇಳಿದಾಗ, "ಅವ್ಳು ಓದ್ಲಿ ಬುಡು. ನಾನಂತೂ ಓದ್ಲಿಲ್ಲ" ಎಂದು ಒಂದೇ ಮಾತಿಗೆ ಬಾಯಿ ಮುಚ್ಚಿಸಿದವನು ಅವನು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವನ ತಂದೆ ತೀರಿಕೊಂಡು, ಸ್ಲೇಟು ಬಿಟ್ಟು ಗುದ್ದಲಿ ಹಿಡಿದಿದ್ದ. ಕಪ್ಪು ಮೈ, ಅಗಲ ಎದೆ, ಕೆನ್ನೆಯ ಅರ್ಧದವರೆಗೆ ಹೋಗಿ ತಿರುಗಿ ಮೇಲಕ್ಕೇಳುತ್ತಿದ್ದ ಮೀಸೆ. ಆ ಮೀಸೆಗೆ ದಿನಾ ಬೆಳಿಗ್ಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಲ್ಲುತ್ತಿತ್ತು.

ನಮ್ಮ ಕಡೆಯ ಕೊಬ್ಬರಿಯ ವಿಷಯ ಬೇರೆಯವರಿಗೆ ಸ್ವಲ್ಪ ಹೇಳಬೇಕು. ಬೇರೆ ಕಡೆ ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೆ ಒಣಗಿಸುತ್ತಾರಂತೆ. ನಮ್ಮಲ್ಲಿ ಇಡೀ ಕಾಯನ್ನು ಮೇಲಿನ ನಾರಿನ ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ ಮರೆತುಬಿಡುತ್ತೇವೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಕೂತು ಒಳಗಿನ ನೀರನ್ನು ತಾನೇ ಕುಡಿದುಕೊಂಡು, ಚಿಪ್ಪಿನಿಂದ ಬಿಟ್ಟು, ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಕೊಬ್ಬರಿ. ನಮ್ಮ ದೊಡ್ಡವ್ವ ಯಾರಾದರೂ ತಲೆಯಿಲ್ಲದ ಮಾತಾಡಿದರೆ, "ಇವ್ನ ತಲೆ ಅಲ್ಲಾಡ್ಸಿ ನೋಡ್ರೇ, ಆಗೈತೇನೋ" ಎನ್ನುತ್ತಿದ್ದಳು. ಹೆಚ್ಚಾಗಿ ದೊಡ್ಡಪ್ಪನನ್ನು ಕುರಿತೇ.

ಏಕೆಂದರೆ ದೊಡ್ಡಪ್ಪನಿಗೆ ಒಂದು ಹುಚ್ಚಿತ್ತು. ಇಂಗ್ಲಿಷಿನ ಮಾತೆಲ್ಲ ನಮ್ಮಿಂದಲೇ ಹೋದದ್ದು ಎಂದು ಸಾಧಿಸುವ ಹುಚ್ಚು. ಸಂಜೆ ನಾನು ಜಗುಲಿಯಲ್ಲಿ ಓದುತ್ತ ಕೂತರೆ ಪಕ್ಕಕ್ಕೆ ಬಂದು ಕೂರುತ್ತಿದ್ದ. "ಒಂದು ಮಾತು ಹೇಳವ್ವ ನೋಡನ" ಎನ್ನುವನು. ನಾನು ಕಟ್ ಎಂದರೆ, "ಕತ್ತಿ! ಕತ್ತಿಯಿಂದ ಮಾಡೋದ್ನ ಕಟ್ ಅಂದ್ರು" ಎನ್ನುವನು. ಬಸ್ಸು ಯಾವುದರಿಂದ ಬಂತು ದೊಡ್ಡಪ್ಪ ಎಂದರೆ, "ಬಸವ ಕಣವ್ವ. ಜನ ಹೊರ್ತದಲ್ಲ. ಒಂದ್ ತರಾ ನನ್ ಹೆಸ್ರೇ ಅದು" ಎಂದು ಮೀಸೆ ತೀಡುವನು. ಸೈಕಲ್ಲು ಎಂಬುದು 'ಸಾಯೋ ಕಲ್ಲು' ಎಂದಾಗ ಮಾತ್ರ ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಕೆರೆ ಏರಿಯ ಮೇಲೆ ಸೈಕಲ್ ಕಲಿಯಲು ಹೋಗಿ ಕಲ್ಲಿನ ರಾಶಿಯ ಮೇಲೆ ಬಿದ್ದು ಮೊಣಕಾಲು ಒಡೆದುಕೊಂಡವನು ಅವನೇ. ಅವನ ಮಟ್ಟಿಗೆ ಅದು ಅನುಭವದ ಮಾತು.

ಈ ಹುಚ್ಚಿಗೆ ಎದುರಾಗಿ ನಿಂತವರು ಶೇಷಪ್ಪ ಮೇಷ್ಟ್ರು. ನಮ್ಮೂರ ಮಿಡ್ಲ್ ಸ್ಕೂಲಿನಲ್ಲಿ ಹೆಡ್ ಮಾಸ್ತರಾಗಿ ರಿಟೈರಾದವರು. ನನಗೆ ಎ ಬಿ ಸಿ ಡಿ ಕಲಿಸಿದವರು. ಅವರೂ ದೊಡ್ಡಪ್ಪನೂ ನಾಲ್ಕನೇ ಕ್ಲಾಸಿನವರೆಗೆ ಒಂದೇ ಹಲಗೆಯ ಮೇಲೆ ಕೂತು ಓದಿದವರು. ಒಬ್ಬ ಎದ್ದು ತೋಟಕ್ಕೆ ಹೋದ, ಇನ್ನೊಬ್ಬರು ಓದುತ್ತ ಹೋಗಿ ಮೇಷ್ಟ್ರಾದರು. ದೊಡ್ಡಪ್ಪ ಗೆಳೆಯನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. 'ಮೇಷ್ಟ್ರೇ' ಎಂದೇ. ಮೇಷ್ಟ್ರು ಇವನನ್ನು 'ಬಸಣ್ಣ' ಎನ್ನುತ್ತಿದ್ದರು. ದಿನಾ ಸಂಜೆ ಕೋಟಿನ ಜೇಬಿನಲ್ಲಿ ಅಂಗೈಯಗಲದ ಒಂದು ಇಂಗ್ಲಿಷ್ ಡಿಕ್ಷನರಿ ಇಟ್ಟುಕೊಂಡು ನಮ್ಮ ಜಗುಲಿಗೆ ಬರುತ್ತಿದ್ದರು. ಅಂಚೆಲ್ಲ ಹಳದಿಯಾಗಿ, ರಟ್ಟಿಗೆ ಬಟ್ಟೆ ಹೊಲಿದಿದ್ದ ಪುಸ್ತಕ.

ಒಂದು ಭಾನುವಾರ ಕಾಯಿ ಸುಲಿಸುತ್ತಿದ್ದರು. ಅಂಗಳದಲ್ಲಿ ನಾಲ್ಕಾಳು ಕೆಲಸಕ್ಕಿದ್ದರು. ತಿಪಟೂರಿನಿಂದ ತಂದ ಖಾಲಿ ಗೋಣಿಚೀಲಗಳ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ದೊಡ್ಡಪ್ಪ ಒಂದು ಚೀಲ ಎತ್ತಿ ಹಿಡಿದು, "ಇದೇನವ್ವ ಬರ್ದವ್ರೆ?" ಎಂದ.

"ಕಾಪ್ರಾ."

"ಅಂಗಂದ್ರೆ?"

"ಕೊಬ್ಬರಿ ದೊಡ್ಡಪ್ಪ."

ಅವನು ಚೀಲವನ್ನು ಬಾವುಟದಂತೆ ಎಲ್ಲರ ಕಡೆಗೂ ತಿರುಗಿಸಿದ. "ನೋಡ್ರಪ್ಪ! ಕೊಬ್ರಿ, ಕಾಪ್ರಾ. ಕೊಬ್ರಿ ಜೊತೆಗೆ ಕೊಬ್ರಿ ಅನ್ನೋ ಮಾತ್ನೂ ಮೂಟೆ ಕಟ್ಕೊಂಡ್ ಹೋಗವ್ರೆ ಇಂಗ್ಲಿಷ್ನೋರು. ಕೊಬ್ಬು ಇರೋದಕ್ಕೇ ಕೊಬ್ರಿ ಅಂದಿದ್ದು ನಾವು."

ಜಗುಲಿಯಲ್ಲಿದ್ದ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಅವರು ಕನ್ನಡಕ ಒರೆಸಿದರೆ ಯಾರಿಗೋ ಪಾಠ ಕಾದಿದೆ ಎಂದೇ ಅರ್ಥ. "ತಿರುಗುಮುರುಗಾಗಿ ಹೇಳ್ತಾ ಇದೀಯ ಬಸಣ್ಣ. ಕಾಪ್ರಾ ಅನ್ನೋದು ಶುದ್ಧ ಇಂಗ್ಲಿಷ್ ಪದ. ನೋಡು, ಡಿಕ್ಷನರಿಲೇ ಇದೆ. ಅದು ನಮ್ಮ ಹಳ್ಳಿ ಜನದ ಬಾಯಿಗೆ ಬಿದ್ದು ಕೆಟ್ಟು ಕೊಬ್ಬರಿ ಆಯ್ತು. ಟೈಮು ಟೇಮು ಆದ ಹಾಗೆ."

ದೊಡ್ಡಪ್ಪನಿಗೆ ಕೋಪ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಅವತ್ತು ಬಂತು. "ನಮ್ ತಾತ, ಮುತ್ತಾತ ತಿಂದಿದ್ದು ಏನ್ರೀ ಮೇಷ್ಟ್ರೇ? ಇಂಗ್ಲಿಷ್ನೋನು ಬಂದು ಹೆಸ್ರಿಡೋವರ್ಗೂ ಸುಮ್ಕೆ ಕೈ ತೋರ್ಸಿ 'ಅದ್ ಕೊಡು' ಅಂತಿದ್ರಾ?"

ಆಳುಗಳು ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. ಮಾತಿಗೆ ಮಾತು ಬೆಳೆದು ಪಣಕ್ಕೆ ನಿಂತಿತು. ಕಾಲೇಜಿನ ಲೈಬ್ರರಿಯಲ್ಲಿ ಪದದ ಮೂಲ ಹೇಳುವ ದೊಡ್ಡ ಡಿಕ್ಷನರಿ ಇದೆ, ಜಯಮ್ಮ ನೋಡಿಕೊಂಡು ಬರಲಿ ಎಂದರು ಮೇಷ್ಟ್ರು. ಜಯಮ್ಮ ಎಂದರೆ ನಾನು. ಕಾಪ್ರಾ ಕನ್ನಡದಿಂದ ಹೋಗಿದ್ದಲ್ಲ ಎಂದಾದರೆ ಮೀಸೆ ತೆಗೆಸುತ್ತೇನೆ ಎಂದ ದೊಡ್ಡಪ್ಪ. "ಹೋಗಿದ್ದೇ ಅಂತ ಆದ್ರೆ ನೀವೇನ್ ಮಾಡ್ತೀರಿ?"

ಮೇಷ್ಟ್ರು ಯೋಚಿಸಿ, "ಆವತ್ತಿಂದ ನಿನ್ನ ನಾನೇ ಮೇಷ್ಟ್ರೇ ಅಂತ ಕರೀತೀನಿ" ಎಂದರು.

ತಮಾಷೆಗೆ ಹೇಳಿದ ಮಾತು. ಆದರೆ ದೊಡ್ಡಪ್ಪ ನಗದೆ ಸುಮ್ಮನೆ ತಲೆಯಾಡಿಸಿದ.

ಮಾರನೆಯ ದಿನ ಲೈಬ್ರರಿಗೆ ಹೋದೆ. ಆ ಡಿಕ್ಷನರಿ ಮೇಜಿನ ಮೇಲೆ ಮಗುವಿನಂತೆ ಮಲಗಿತ್ತು. ಎತ್ತಲು ಎರಡು ಕೈ ಬೇಕು. ಇರುವೆಯಂಥ ಅಕ್ಷರಗಳಲ್ಲಿ ಬೆರಳಿಟ್ಟು ಹುಡುಕಿದೆ. ಕಾಪ್ರಾ ಸಿಕ್ಕಿತು. ಅದು ಇಂಗ್ಲಿಷಿನದಲ್ಲ. ಪೋರ್ಚುಗೀಸರಿಂದ ಬಂದದ್ದು. ಎದೆ ಹಿಗ್ಗಿತು. ಪೋರ್ಚುಗೀಸರಿಗೆ ಅದು ಬಂದದ್ದು ಮಲಯಾಳದ ಕೊಪ್ಪರದಿಂದ. ಎದೆ ಕುಗ್ಗಿತು. ಅದರಾಚೆಗೆ ಹಿಂದಿಯ ಖೋಪ್ರಾ, ಇನ್ನೂ ಹಿಂದೆ ತಲೆಬುರುಡೆ ಎಂಬ ಅರ್ಥದ ಸಂಸ್ಕೃತ ಪದ. ಕನ್ನಡದ ಹೆಸರು ಆ ಸಾಲುಗಳಲ್ಲಿ ಎಲ್ಲೂ ಇರಲಿಲ್ಲ. ಪುಟದ ಹಿಂದೆ ಮುಂದೆ ನೋಡಿದೆ, ಎಲ್ಲಾದರೂ ಬಿಟ್ಟುಹೋಗಿರಬಹುದೇ ಎಂದು. ಎಲ್ಲವನ್ನೂ ನೋಟ್‌ಬುಕ್ಕಿಗೆ ಬರೆದುಕೊಂಡೆ.

ಬಸ್ಸಿಗೆ ಹೊತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮ ಬಟ್ಟೆ ಹೊಲಿಯುತ್ತಿದ್ದ ಖಾದರ್ ಸಾಬರ ಅಂಗಡಿ. ನಮ್ಮ ಕಡೆಯ ಹುಡುಗಿಯರೆಲ್ಲ ಬಸ್ಸು ಕಾಯುವುದು ಅಲ್ಲೇ. ಅವರನ್ನು ಖೋಪ್ರಾ ಎಂದರೇನು ಎಂದು ಕೇಳಿದೆ.

"ಕೊಬ್ರಿ ಅಲ್ವೇನಮ್ಮಾ. ನಮ್ಮನೇಲಿ ಖೋಪ್ರಾ ಅನ್ನೋದೇ." ಮಷಿನ್ ತುಳಿಯುವುದನ್ನು ನಿಲ್ಲಿಸಿ, ಗಜಕಡ್ಡಿಯಿಂದ ತಮ್ಮ ಟೋಪಿಯ ಮೇಲೆ ಮೆಲ್ಲಗೆ ತಟ್ಟಿಕೊಂಡರು. "ಇದು ಖೋಪ್ಡಿ. ಅದು ಖೋಪ್ರಾ. ಅಣ್ಣ ತಮ್ಮ ಇದ್ದಂಗೆ. ಎರಡೂ ಮೇಲೆ ಗಟ್ಟಿ. ಒಳಗೆ ಇರೋದು ಒಣಗಿದ್ರೆ ಎರಡೂ ಲೊಟಲೊಟ."

ಬಸ್ಸಿನಲ್ಲಿ ಕೂತು, ಈ ಸುದ್ದಿಯನ್ನು ಹೇಗೆ ಒಯ್ಯಲಿ ಎಂದು ಯೋಚಿಸಿದೆ. ಮೇಷ್ಟ್ರ ವಾದವೂ ಬಿದ್ದಿತ್ತು, ನಿಜ; ಕಾಪ್ರಾ ಕೆಟ್ಟು ಕೊಬ್ಬರಿಯಾದದ್ದಲ್ಲ. ಆದರೆ ದೊಡ್ಡಪ್ಪ ಪಣ ಕಟ್ಟಿದ್ದು ಕನ್ನಡದಿಂದ ಹೋದದ್ದು ಎಂಬ ಮಾತಿಗೆ. ಅವನ ಮೀಸೆ ಹೋಗಲೇಬೇಕು.

ಮುಂದಿನ ಭಾನುವಾರ ಜಗುಲಿಯ ತುಂಬ ಜನ. ಪಣದ ಸುದ್ದಿ ಊರೆಲ್ಲ ಹಬ್ಬಿತ್ತು. "ಬಸಣ್ಣಾ, ಕತ್ರಿ ಕುಡುಗೋಲು ಯಾವ್ದಾದ್ರೂ ತರ್ಲಾ?" ಎಂದು ಯಾರೋ ಅಂದರು. ದೊಡ್ಡಪ್ಪ ನಗುತ್ತಿದ್ದ, ಬಲಗೈಯ ಬೆರಳು ಮಾತ್ರ ಮೀಸೆಯ ತುದಿಯನ್ನು ಬಿಡುತ್ತಿರಲಿಲ್ಲ. "ಓದವ್ವ" ಎಂದ.

ನೋಟ್‌ಬುಕ್ ತೆರೆದೆ. "ಇಂಗ್ಲಿಷಿಗೆ ಪೋರ್ಚುಗೀಸ್ ಭಾಷೆಯಿಂದ ಬಂದದ್ದು," ಎಂದು ಓದಿದೆ. ತಲೆ ಎತ್ತಿದೆ. ದೊಡ್ಡಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. "ಪೋರ್ಚುಗೀಸಿಗೆ ಕನ್ನಡದ ಕೊಬ್ಬರಿಯಿಂದ."

ಬದಲಾಯಿಸಿದ್ದು ಎರಡೇ ಪದ. ಓದಿ ನೋಟ್‌ಬುಕ್ ಮುಚ್ಚಿಬಿಟ್ಟೆ.

ಹೋ ಎಂದು ಜನ ಕೂಗಿದರು. ಮೇಷ್ಟ್ರು ಮಾತ್ರ ನನ್ನ ಕಡೆ ತಿರುಗಿ ಕೇಳಿದರು. "ಪುಸ್ತಕದಲ್ಲಿ ಹಾಗೇ ಇದೆಯೇನಮ್ಮಾ?"

"ಹೂಂ ಸಾರ್."

ಅವರು ನೋಟ್‌ಬುಕ್ ತೋರಿಸು ಎನ್ನಲಿಲ್ಲ. ಅವರು ಕಲಿಸಿದ ಹುಡುಗಿ ನಾನು. "ಅಚ್ಚಾಗಿದೆ ಅಂದ ಮೇಲೆ ಮುಗೀತು" ಎಂದು ಎದ್ದು ನಿಂತು, ದೊಡ್ಡಪ್ಪನಿಗೆ ಕೈ ಮುಗಿದು, "ಬರ್ತೀನಿ ಮೇಷ್ಟ್ರೇ" ಎಂದರು. ಸ್ವರದಲ್ಲಿ ಕುಹಕ ಇರಲಿಲ್ಲ. ಮಾತು ಕೊಟ್ಟವರು ತೀರಿಸುವ ಹಾಗೆ ಹೇಳಿದರು. ದೊಡ್ಡಪ್ಪ ಗೆದ್ದವನಂತೆ ಬೀಗುತ್ತಾನೆ ಎಂದುಕೊಂಡಿದ್ದೆ. ಅವನು ಹಸೆಮಣೆಯ ಮೇಲಿನ ಮದುಮಗನಂತೆ ತಲೆ ತಗ್ಗಿಸಿ, ನೆಲ ನೋಡಿಕೊಂಡು ನಾಚಿದ.

ಆಮೇಲಿನ ದಿನಗಳು ನೋಡಲು ಚೆನ್ನಾಗಿದ್ದವು. ಬಸ್ ನಿಲ್ಲುವ ಕಡೆ, ಹೋಟ್ಲಿನ ಮುಂದೆ, ಎಲ್ಲಿ ಸಿಕ್ಕರೂ ಶೇಷಪ್ಪ ಮೇಷ್ಟ್ರು, "ನಮಸ್ಕಾರ ಮೇಷ್ಟ್ರೇ" ಎನ್ನುತ್ತಿದ್ದರು. ಊರವರೂ ಹಿಡಿದುಕೊಂಡರು: ಬಸಣ್ಣ ಮೇಷ್ಟ್ರು. ದೊಡ್ಡಪ್ಪ ತೋಟಕ್ಕೆ ಹೋಗುವಾಗಲೂ ಒಗೆದ ಅಂಗಿ ಹಾಕತೊಡಗಿದ. ಜೇಬಿಗೆ ನನ್ನದೊಂದು ಸವೆದ ಪೆನ್ಸಿಲ್ ಏರಿತು. ಒಂದು ದಿನ ಸಂಜೆ ನನ್ನ ಪಕ್ಕ ಕೂತು, ಇಂಗ್ಲಿಷ್ ಅಕ್ಷರ ಇಪ್ಪತ್ತಾರೂ ಬರೆದುಕೊಡು, ಒಂದೊಂದೇ ಕಲಿಯುತ್ತೇನೆ ಎಂದ. ಬರೆದುಕೊಟ್ಟೆ. ಪೆನ್ಸಿಲ್ ಹಿಡಿದ ಆ ದಪ್ಪ ಬೆರಳುಗಳನ್ನು ನೋಡಲಾಗದೆ ಒಳಗೆದ್ದು ಹೋದೆ.

ಏಕೆಂದರೆ ಶೇಷಪ್ಪ ಮೇಷ್ಟ್ರು ಜಗುಲಿಗೆ ಬರುವುದನ್ನು ನಿಲ್ಲಿಸಿದ್ದರು. ಮೊದಲು ಮೈ ಸರಿಯಿಲ್ಲ ಎಂದರು, ಆಮೇಲೆ ಕೆಲಸವಿದೆ ಎಂದರು. ಒಂದು ಬೆಳಿಗ್ಗೆ ನಾನು ಬಸ್ಸಿಗೆ ನಿಂತಿದ್ದಾಗ ಹತ್ತಿರ ಬಂದು, ಕೋಟಿನ ಜೇಬಿನಿಂದ ಆ ಪುಟ್ಟ ಡಿಕ್ಷನರಿ ತೆಗೆದು ನನ್ನ ಕೈಗಿಟ್ಟರು. "ನೀನೇ ಇಟ್ಕೋ ಜಯಮ್ಮ. ಓದೋ ಹುಡುಗಿ, ನಿನಗೆ ಬೇಕಾಗತ್ತೆ."

"ನಿಮಗೆ ಸಾರ್?"

"ಸ್ಕೂಲಲ್ಲಿ ಅಷ್ಟು ವರ್ಷ ಗಟ್ಟಿಯಾಗಿ ಹೇಳಿದೆ ಕಣಮ್ಮ. ಕಾಪ್ರಾ ಇಂಗ್ಲಿಷು, ಅದು ಇಂಗ್ಲಿಷು, ಇದು ಇಂಗ್ಲಿಷು ಅಂತ. ಮಕ್ಕಳು ನಂಬ್ಕೊಂಡು ಹೋದ್ರು. ಇನ್ನೂ ಏನೇನು ತಪ್ಪು ಹೇಳಿಕೊಟ್ಟಿದೀನೋ ಅಂತ ಯೋಚನೆ ಹತ್ತಿದೆ. ಈ ಪುಸ್ತಕ ತೆಗೆಯೋಕೇ ಮನಸ್ಸು ಬರಲ್ಲ."

ಬಸ್ಸು ಬಂತು. ಹತ್ತಿ ಕೂತೆ. ತಿಪಟೂರು ಬಂದರೂ ಆ ಪುಸ್ತಕ ನನ್ನ ಕೈಯಲ್ಲೇ ಇತ್ತು. ತರಗತಿಗೆ ಹೋಗಲಿಲ್ಲ, ಮುಂದಿನ ಬಸ್ಸಿಗೆ ವಾಪಸು ಬಂದು ಸೀದಾ ತೋಟಕ್ಕೆ ನಡೆದೆ.

ದೊಡ್ಡಪ್ಪ ಸಸಿಗಳಿಗೆ ನೀರು ಕಟ್ಟುತ್ತಿದ್ದ. "ಯಾಕವ್ವ, ಕಾಲೇಜ್ ಇಲ್ವಾ?" ಎಂದ. ನಾನು ಮಲಯಾಳದ ಕೊಪ್ಪರದಿಂದ ಹಿಡಿದು ಖಾದರ್ ಸಾಬರ ಖೋಪ್ಡಿಯವರೆಗೆ ಎಲ್ಲ ಹೇಳಿದೆ, ಒಂದೇ ಸಮ ಅಳುತ್ತ. ಅವನು ಗುದ್ದಲಿ ಊರಿಕೊಂಡು ನಿಂತೇ ಕೇಳಿದ. ಕಾಲುವೆಯ ಬದು ಕೊಚ್ಚಿಹೋಗಿ ನೀರೆಲ್ಲ ಪಕ್ಕದ ರಾಗಿ ಹೊಲಕ್ಕೆ ನುಗ್ಗುತ್ತಿತ್ತು. ಅವನು ನೋಡಲಿಲ್ಲ.

"ಯಾಕವ್ವ ಅಂಗೇಳ್ದೆ?" ಎಂದ ಕೊನೆಗೆ.

"ನಿನ್ ಮೀಸೆ ಹೋಗ್ತದೆ ಅಂತ."

"ಮೀಸೆ ಕುಯ್ದ್ರೆ ತಿಂಗ್ಳಿಗೆ ಬೆಳೀತದೆ. ಅವ್ರು ನನ್ನ ಮೇಷ್ಟ್ರೇ ಅಂದ್ರು. ಅಷ್ಟು ಜನ್ರ ಮುಂದೆ ಅಂದ್ರು. ನಾನೂ ಹೂಂ ಅಂತ ಹಾಕ್ಕೊಂಡ್ನಲ್ಲ ಕಣವ್ವ." ಗುದ್ದಲಿಯನ್ನು ನೆಲದಿಂದ ಕೀಳುತ್ತ ಅಂದ, "ಚೆನ್ನಾಗಿತ್ತು." ಆಮೇಲೆ ಬಗ್ಗಿ ಬದು ಕಟ್ಟಿದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷದ ಮೇಲೆ ಇಷ್ಟು ಚೆನ್ನಾಗಿ ನೆನಪಿರುತ್ತಿರಲಿಲ್ಲವೇನೋ.

ಮಾರನೆಯ ಬೆಳಿಗ್ಗೆ ದೊಡ್ಡವ್ವ ಕಿರುಚಿದ್ದು ಕೇಳಿ ಎದ್ದು ಹೊರಗೆ ಓಡಿದೆ. ಬಚ್ಚಲ ಹತ್ತಿರ ನಿಂತಿದ್ದವನು ಯಾರೋ ಅಪರಿಚಿತ. ಮೇಲ್ತುಟಿಯ ಅಷ್ಟಗಲ ಜಾಗ, ಎಂದೂ ಬಿಸಿಲು ಕಾಣದೆ ಬೆಳ್ಳಗೆ, ಎಳೆಗಾಯಿಯ ತಿರುಳಿನಂತೆ ಹೊಳೆಯುತ್ತಿತ್ತು. "ನಡ್ಯವ್ವ, ಮೇಷ್ಟ್ರ ಮನ್ಗೆ ಹೋಗನ" ಎಂದ ಆ ಅಪರಿಚಿತ.

ಮೇಷ್ಟ್ರ ಹೆಂಡತಿ ಬಾಗಿಲು ತೆಗೆದವರು ದೊಡ್ಡಪ್ಪನ ಮುಖ ಕಂಡು ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ ಬಸಣ್ಣಾ, ಯಾರು ಹೋದ್ರಪ್ಪಾ?"

"ಯಾರೂ ಹೋಗಿಲ್ಲ ಕಣಮ್ಮ. ಎಲ್ಲಾ ಚೆನ್ನಾಗವ್ರೆ. ಮೇಷ್ಟ್ರನ್ನ ಕರೀರಿ."

ಮೇಷ್ಟ್ರು ಬಂದರು. ನಾನು ನೋಟ್‌ಬುಕ್ ತೆರೆದು, ಈ ಸಲ ಬರೆದದ್ದನ್ನು ಬರೆದ ಹಾಗೇ ಓದಿದೆ. ಓದಿ ಮುಗಿಸಿ, "ತಪ್ಪಾಯ್ತು ಸಾರ್" ಎಂದೆ. ಡಿಕ್ಷನರಿಯನ್ನು ಅವರ ಮುಂದಿಟ್ಟೆ.

ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ಅವರು ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡೆ. ಇದ್ದರು. "ನಾನು ಪುಸ್ತಕ ನೋಡದೇನೇ ನಿನ್ನ ಮಾತು ನಂಬಿದ್ದೆ ಜಯಮ್ಮ" ಎಂದರು. ಇವತ್ತಿಗೂ ನನಗೆ ಆ ಮಾತು ಒಳಗೆಲ್ಲೋ ಚುಚ್ಚುತ್ತದೆ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ ಆ ಬೋಳು ಮೇಲ್ತುಟಿಯನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಭುಜ ಅಲುಗತೊಡಗಿತು. ನಗು. "ಏನಯ್ಯಾ ಇದು! ನಾಲ್ಕನೇ ಕ್ಲಾಸಿನ ಬಸವನ ಹಾಗೇ ಇದೀಯಲ್ಲಯ್ಯಾ!"

"ನಗ್ಬೇಡಿ. ನಾನ್ ಸೋತೆ. ಅದ್ಕೇ ತೆಗ್ದೆ."

"ನಾನೇನು ಗೆದ್ನಾ? ಇಂಗ್ಲಿಷ್ ಪದ ಅಂದೆ, ಅದು ಇಂಗ್ಲಿಷೇ ಅಲ್ಲವಂತಲ್ಲ."

"ಅಂಗಾದ್ರೆ ಗೆದ್ದೋರ್ಯಾರು?"

"ಮಲಯಾಳದೋರು" ಎಂದರು ಮೇಷ್ಟ್ರು. ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. ಲೋಟ ಕೆಳಗಿಡುತ್ತ ಮೇಷ್ಟ್ರು ಒಂದು ಮಾತು ಹೇಳಿದರು: "ಆ ಲೈಬ್ರರಿ ಪುಸ್ತಕ ನನಗೆ ತೋರಿಸಮ್ಮ. ಇನ್ನು ಯಾರ ಬಾಯಿಂದಲೂ ಕೇಳೋದು ಬೇಡ. ಕಣ್ಣಾರೆ ನೋಡ್ತೀನಿ."

ಹೀಗೆ ಮುಂದಿನ ವಾರ ನಾವು ಮೂವರೂ ಬಸ್ಸು ಹತ್ತಿದೆವು. ಲೈಬ್ರರಿಯ ಬಾಗಿಲಲ್ಲಿ ಕೂತಿದ್ದ ನೌಕರ ಅವರಿಬ್ಬರನ್ನೂ ತಡೆದ. ಕಾಲೇಜಿನವರಲ್ಲದೆ ಬೇರೆಯವರನ್ನು ಬಿಡುವಂತಿಲ್ಲ ಎಂದ. ಶೇಷಪ್ಪ ಮೇಷ್ಟ್ರು ತಾವು ಯಾರೆಂದು ಹೇಳಿದರು, ಆತ ತಲೆ ಬಾಗಿಸಿ, "ನೀವು ಹೋಗಿ ಸಾರ್. ಇವರು?" ಎಂದು ದೊಡ್ಡಪ್ಪನ ಬರಿಗಾಲು ನೋಡಿದ. ದೊಡ್ಡಪ್ಪ, "ನಾನಿಲ್ಲೇ ಕೂತಿರ್ತೀನಿ, ನೀವ್ ನೋಡ್ಕಂಡ್ ಬನ್ನಿ" ಎನ್ನುತ್ತ ಆಗಲೇ ಮೆಟ್ಟಿಲ ಕಡೆ ತಿರುಗಿದ್ದ. ಮೇಷ್ಟ್ರು ಅವನ ತೋಳು ಹಿಡಿದು ನಿಲ್ಲಿಸಿದರು. "ಇವರೂ ಮೇಷ್ಟ್ರೇ ಕಣಪ್ಪ" ಎಂದರು. "ನನ್ನ ಜೊತೆಯೋರು."

ದೊಡ್ಡಪ್ಪ ಒಳಗೆ ಹೋಗುವಾಗ ಹೊಸಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಕಾಪ್ರಾವನ್ನು ಮೇಷ್ಟ್ರು ಮೂರು ಸಲ ಓದಿದರು. ದೊಡ್ಡಪ್ಪ ಪುಟದ ಮೇಲೆ ಬೆರಳಿಟ್ಟು ತಾನು ಕಲಿತ ಅಕ್ಷರಗಳನ್ನು ಗುರುತು ಹಿಡಿಯುತ್ತಿದ್ದ. ಸಿ ಸಿಕ್ಕಿತು, ಓ ಸಿಕ್ಕಿತು. ಆಮೇಲೆ ಇಬ್ಬರಿಗೂ ಆಸೆ ಹತ್ತಿತು. ಕಾಯಿ ನಾರಿಗೆ ಏನಂತಾರವ್ವ ಎಂದ ದೊಡ್ಡಪ್ಪ. ಕಾಯರ್ ಎಂದೆ. ಹುಡುಕಿದರೆ ಅದೂ ಮಲಯಾಳದ್ದು. "ಇದೂ ಅವ್ರದಾ!" ಅಡಿಕೆ? ಅರೆಕಾ. ಅದೂ ಪೋರ್ಚುಗೀಸರು ಮಲಯಾಳದಿಂದ ಎತ್ತಿಕೊಂಡದ್ದು. "ಮೊದ್ಲು ಅವ್ರ ಕರಾವಳೀಲಿ ಹಡಗು ನಿಂತಿದ್ದಕ್ಕೆ ಹಿಂಗಾಗಿದೆ ಬಸಣ್ಣ" ಎಂದು ಮೇಷ್ಟ್ರು ಸಮಾಧಾನ ಹೇಳಿದರು. ದೊಡ್ಡಪ್ಪ ಸೂರು ನೋಡುತ್ತ ಯೋಚಿಸಿದ. ಕಿಟಕಿಯಾಚೆ ಕಟ್ಟಡಕ್ಕೆ ಸುಣ್ಣ ಹೊಡೆಯಲು ಬಿದಿರಿನ ಸಾರುವೆ ಕಟ್ಟಿದ್ದರು. "ಬೊಂಬು ನೋಡವ್ವ" ಎಂದ.

ಬ್ಯಾಂಬೂ. ಪುಟ ತಿರುಗಿಸಿದೆ. ಬಿದಿರಿನ ಆ ಪದ ಬಹಳ ದೂರ ಸುತ್ತಿ ಬಂದಿತ್ತು; ಡಚ್ಚರು, ಪೋರ್ಚುಗೀಸರು, ಮಲಯ ದ್ವೀಪದವರು. ಎಲ್ಲರಿಗಿಂತ ಹಿಂದೆ, ಸಾಲಿನ ಕೊನೆಯಲ್ಲಿ, 'ಕೆನರೀಸ್' ಎಂದಿತ್ತು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಬಸಣ್ಣ, ಕೆನರೀಸ್ ಅಂದ್ರೆ ಕನ್ನಡ ಕಣಯ್ಯ. ಹಿಂದೆ ಇಂಗ್ಲಿಷ್ನೋರು ನಮ್ಮನ್ನ ಕರೀತಿದ್ದ ಹೆಸರು."

"ನಾವಾ?" ದೊಡ್ಡಪ್ಪ ಪುಟಕ್ಕೆ ಮುಖ ತಂದ. "ನಮ್ಗೇ ಗೊತ್ತಿಲ್ದಿರೋ ಹೆಸ್ರಲ್ಲಿ ನಮ್ಮನ್ನ ಬರ್ದಿಟ್ಟವ್ರಾ?" ಮೇಷ್ಟ್ರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ. "ನೀನ್ ಹೇಳವ್ವ. ಬೊಂಬು ನಮ್ದಾ?"

ಕೆನರೀಸ್ ಎಂಬುದರ ಹಿಂದೆ ಇನ್ನೊಂದು ಪುಟ್ಟ ಪದವಿತ್ತು. ಅದನ್ನು ಓದದೆ ಬಿಟ್ಟರೆ ಅವನ ಮುಖ ಅರಳುತ್ತದೆ ಎಂದು ಗೊತ್ತಿತ್ತು. ಮೇಷ್ಟ್ರು ಅದನ್ನು ನೋಡಿದ್ದರೂ ನೋಡದವರಂತೆ ಕೂತಿದ್ದರು.

"'ಬಹುಶಃ' ಅಂತ ಇದೆ ದೊಡ್ಡಪ್ಪ" ಎಂದೆ. "ಖಂಡಿತ ಅಂತ ಇಲ್ಲ. ನಮ್ಮದು ಇರಬಹುದು ಅಂತ ಇದೆ."

ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಜೇಬಿನ ಪೆನ್ಸಿಲ್ ತೆಗೆದು, ಬಸ್ ಟಿಕೇಟಿನ ಹಿಂಬದಿಯಲ್ಲಿ, ಒಂದೊಂದು ಅಕ್ಷರವನ್ನೂ ಪುಸ್ತಕ ನೋಡಿಕೊಂಡು, ಬ್ಯಾಂಬೂ ಎಂದು ಇಂಗ್ಲಿಷಿನಲ್ಲಿ ಬರೆದ. ಅವನು ಜೀವನದಲ್ಲಿ ಬರೆದ ಮೊದಲ ಇಂಗ್ಲಿಷ್ ಪದ. ಕೊನೆಯ ಎರಡು ಸೊನ್ನೆ ಒಂದಕ್ಕೊಂದು ಅಂಟಿಕೊಂಡಿದ್ದವು.

ಸಂಜೆ ಊರಿನಲ್ಲಿ ಬಸ್ಸು ಇಳಿದಾಗ ಹೋಟ್ಲಿನ ಮುಂದೆ ಕೂತಿದ್ದವರು, "ಏನಾಯ್ತು ಬಸಣ್ಣಾ?" ಎಂದು ಕೂಗಿದರು. ದೊಡ್ಡಪ್ಪ ಟಿಕೇಟನ್ನು ಎತ್ತಿ ತೋರಿಸಿದ.

"ಕೊಬ್ರಿ ನಮ್ದಲ್ಲ ಕಣ್ರಪ್ಪ, ಮಲಯಾಳದೋರ್ದು. ಬೊಂಬು ನಮ್ದು."

ಹಿಂದಿನಿಂದ ಇಳಿಯುತ್ತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರು ಏನಾದರೂ ಹೇಳುವ ಮುಂಚೆಯೇ ದೊಡ್ಡಪ್ಪ ತಿರುಗಿ ನನ್ನನ್ನು ನೋಡಿ, ಟಿಕೇಟನ್ನು ಮಡಚಿ ಜೇಬಿಗಿಟ್ಟುಕೊಂಡ.

"ಇರ್ಬೋದು" ಎಂದ.